ಅಕ್ಕನಿದ್ದ ಫೋಟೋ

ಪಾಸ್‌ಪೋರ್ಟ್ ಫೋಟೋಗೆಂದು ಸ್ಟುಡಿಯೋದಲ್ಲಿ ಕಾದಿದ್ದ ಬಡಗಿಯ ಕಿವಿಗೆ ಕಂಪ್ಯೂಟರ್ ಮುಂದಿನ ಮಾತು ಬಿತ್ತು. ಹೆಂಗಸೊಬ್ಬಳು ಸ್ಟುಡಿಯೋದವನನ್ನು ಬೇಡುತ್ತಿದ್ದಳು.

“ನಮ್ಮ ಫೋಟೋದಿಂದ ಅಕ್ಕನ್ನ ಅಳಿಸೋಕೆ ಮುಂಚಿನ ಫೈಲ್ ಹುಡುಕಿ ಅಣ್ಣಾ. ಜಗಳ ಮುಗೀತು, ನಾಳೆ ಮನೆಗೆ ಬರ್ತಾಳೆ.”

“ಎಲ್ಲಾ ಫೋಲ್ಡರ್ ಜಾಲಾಡಿದೆ ಕಣಮ್ಮಾ. ಎಡಿಟ್ ಮಾಡಿದ್ದನ್ನ ಹಳೇದರ ಮೇಲೇ ಸೇವ್ ಮಾಡ್ಬಿಟ್ಟಿದ್ದೀನಿ.”

“ಅಳಿಸಿ ಅಂದೋಳು ನಾನೇ ಅಲ್ವಾ? ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರುತ್ತಾ!”

“ಒಂದು ವಾರ ತಡೀರಿ ಅಂದಿದ್ದೆ.”

“ನಿಮಗೂ ಬೈದಿದ್ದೆ.”

“ಚೆನ್ನಾಗೇ ಬೈದ್ರಿ! ಹೋಗ್ಲಿ, ಅಕ್ಕನ್ನ ಕರ್ಕೊಂಡು ಬನ್ನಿ, ಹೊಸದು ತೆಗೀತೀನಿ.”

“ಅವಳೇನೋ ಬರ್ತಾಳೆ. ನಮ್ಮಿಬ್ಬರ ಹೆಗಲ ಮೇಲೂ ಕೈಹಾಕಿ ನಿಂತಿದ್ದ ಅಪ್ಪನ್ನ ಎಲ್ಲಿಂದ ತರ್ಲಿ? ತೀರಿಕೊಂಡೇ ವರ್ಷವಾಯ್ತು.”

ಸ್ಟುಡಿಯೋದವನು ಮೌಸ್‌ನಿಂದ ಕೈ ತೆಗೆದ. ಅವಳು ಎದ್ದಳು. ಬಡಗಿ ಕಾಲು ಮಡಿಸಿ ದಾರಿ ಬಿಟ್ಟ.