ಭಾಮಾಕಾಕೂ ಗಾಜು ತೊಳೆದದ್ದು

ಮಾನ್ಯ ಅಧ್ಯಕ್ಷರಾದ ರಾಘಣ್ಣನವರೇ, ವೇದಿಕೆಯ ಹಿರಿಯರೇ, ಸನ್ಮಾನದ ಶಾಲು ಹೊದ್ದು ಬೆವರುತ್ತಿರುವ ನಮ್ಮ ಗೂಳಪ್ಪನವರೇ, ಪುಣೆಯ ಕನ್ನಡ ಬಳಗದ ಸಭಿಕರೇ,

ಖಾನಾವಳಿಯ ವ್ಯಾನು ಓಡಿಸಿ ಇಂದು ನಿವೃತ್ತರಾಗುತ್ತಿರುವ ಗೂಳಪ್ಪನವರ ಬಗ್ಗೆ ಎರಡು ಮಾತಾಡಲು ನನಗೆ ಅಪ್ಪಣೆಯಾಗಿದೆ. ನಾನು ಹಳ್ಳಿಯಲ್ಲಿ ಬೆಳೆದವನು. ಎರಡು ಮಾತಿನಲ್ಲಿ ಮುಗಿಸುವ ವಿದ್ಯೆ ನನಗೆ ಬಾರದು. ಒಂದು ಕಥೆಯನ್ನೇ ಹೇಳಿಬಿಡುತ್ತೇನೆ. ಇದನ್ನು ಮೊದಲು ಹೇಳಿದವರು ನನ್ನ ಚಿಕ್ಕಮ್ಮ ಭಾಮಾಕಾಕೂ, ೧೯೩೭ರ ಜ್ಯೇಷ್ಠ ಮಾಸದಲ್ಲಿ, ತಳೇಗಾಂವದ ಮದುವೆಮನೆಯ ಊಟದ ಪಂಕ್ತಿಯಲ್ಲಿ.

ಮದುವೆ ಅವರ ಅಣ್ಣನ ಮಗಳದು. ಬೀಗರಿಗೆ ಕೊಡುವ ಉಂಡಿ, ಚಿರೋಟಿ ಎಲ್ಲವನ್ನೂ ಕಾಕೂ ಪುಣೆಯಲ್ಲೇ ಮಡಿಯಲ್ಲಿ ಮಾಡಿದ್ದರು. ಆ ಬುಟ್ಟಿಗಳನ್ನು ರೈಲಿನ ಗರ್ದಿಯಲ್ಲಿ ಒಯ್ಯಲು ಸಾಧ್ಯವೇ? ಅದಕ್ಕೇ ಗೂಳಪ್ಪನವರ ವ್ಯಾನು. ಹಿಂದೆ ಬುಟ್ಟಿಗಳು, ಬುಟ್ಟಿಗಳ ಕಾವಲಿಗೆ ಒದ್ದೆ ಧೋತರದಲ್ಲಿ ನಡುಗುತ್ತಿದ್ದ ನಾನು. ಮುಂದೆ ಕಾಕೂ, ಅವರೂ ಮಡಿಯಲ್ಲಿ. ಅವರಿಗೂ ಗೂಳಪ್ಪನವರಿಗೂ ನಡುವೆ ಗಡಿಯಾಗಿ ತೆಂಗಿನಕಾಯಿಯ ಚೀಲ.

ಖಡಕಿ ದಾಟುತ್ತಲೇ ಮಳೆ ಹಿಡಿಯಿತು. ಮಳೆಯೇನೋ ಸಣ್ಣದು, ಆದರೆ ಮುಂದಿನ ಲಾರಿಗಳು ಎರಚುವ ಕೆಸರು? ಗಾಜಿನ ಮೇಲೆ ಸಾರಿಸಿದಂತೆ ಕೂತಿತು. ವೈಪರನ್ನು ಒಳಗಿನಿಂದ ಕೈಯಲ್ಲೇ ಆಡಿಸಬೇಕು. ಸಾಕಷ್ಟು ನೀರಿಲ್ಲದೆ ಆಡಿಸಿದರೆ ಅದು ಕೆಸರನ್ನು ಒರೆಸುವುದಿಲ್ಲ, ಬಳಿಯುತ್ತದೆ. ನಿಲ್ಲಿಸಿ ತೊಳೆದರೆ ಮುಂದಿನ ತಿರುವಿನಲ್ಲಿ ಮತ್ತೆ ಅಷ್ಟೇ ಕೆಸರು. ಮುಹೂರ್ತವೋ ಹತ್ತಿರ. ಒಂದು ಕೈ ಚಕ್ರಕ್ಕೆ, ಒಂದು ಕೈ ವೈಪರಿಗೆ. ಗೂಳಪ್ಪನವರಿಗೆ ಉಳಿದದ್ದೇನು? ಬಾಯಿ! ಹಿಂದೊಮ್ಮೆ ಇಸ್ತ್ರಿ ಅಂಗಡಿಯಲ್ಲಿದ್ದ ಮನುಷ್ಯ. ರೇಡಿಯೇಟರಿಗೆಂದು ಕಾಲ ಬಳಿ ಇಟ್ಟ ಡಬ್ಬಿಯಿಂದ ಬಾಯಿತುಂಬ ನೀರು ತುಂಬಿಕೊಂಡು, ಕತ್ತು ಹೊರಗೆ ಚಾಚಿ, ಬಟ್ಟೆಗೆ ಚಿಮುಕಿಸುವಂತೆ ಗಾಜಿಗೆ ಫುರ್ರೆಂದು ಊದಿದರು.

ಗಾಜು ಸ್ವಚ್ಛವಾಯಿತು. ಆದರೆ ಗಾಳಿ ಅರ್ಧ ನೀರನ್ನು ಒಳಗೆ ತಂದು ಕಾಕೂ ಮುಖಕ್ಕೆ ಹಾಕಿತು.

"ನಿಲ್ಲಸೋ ಗಾಡಿ! ಎಂಜಲಾ! ನನ್ನ ಮಾರಿ ಮ್ಯಾಲೆ ಎಂಜಲಾ!"

"ತಪ್ಪಾತ್ರೀ ಅವ್ವಾರ. ಗಾಜ ಕಾಣಲಿಲ್ಲಂದ್ರ ನಾವೆಲ್ಲಾ ಗಟಾರದಾಗ ಬೀಳ್ತಿದ್ವಿರಿ."

"ಗಟಾರ ವಾಸಿ! ತಳೇಗಾಂವದಾಗ ಪಂಕ್ತಿ ತುಂಬ ಹೇಳ್ತೀನಿ ನೋಡು. ನಮ್ಮವರು ಒಬ್ಬರೂ ನಿನ್ನ ಗಾಡ್ಯಾಗ ಮಡಿ ಅಡಗಿ ಕಳಸಬಾರದು, ಹಂಗ ಹೇಳ್ತೀನಿ!"

ಸಭಿಕರೇ, ಇದು ಬರಿಯ ಬೈಗುಳವಾಗಿರಲಿಲ್ಲ. ನಮ್ಮವರ ಮದುವೆ-ಮುಂಜಿಯ ಅಡುಗೆ ಒಯ್ಯುವುದೇ ಆ ವ್ಯಾನಿನ ಕೆಲಸ. ಕಾಕೂ ಹಾಗೆ ಹೇಳಿದ್ದರೆ ಗೂಳಪ್ಪನವರು ಮರುದಿನವೇ ಮತ್ತೆ ಇಸ್ತ್ರಿಪೆಟ್ಟಿಗೆ ಹಿಡಿಯಬೇಕಿತ್ತು.

ಅವರು ಗಾಡಿ ನಿಲ್ಲಿಸಿದರು. ಇಳಿದು, ಹಾರ್ನಿನ ರಬ್ಬರ್ ಚೆಂಡನ್ನು ಬಿಚ್ಚಿ, ಅದರ ಬಾಯಿಗೆ ಎಣ್ಣೆಡಬ್ಬಿಯ ಸಣ್ಣ ಮೂತಿ ಸಿಕ್ಕಿಸಿದರು. ಹಿಂಡಿ ನೀರಿನಲ್ಲಿ ಅದ್ದಿ ಬಿಟ್ಟರೆ ಚೆಂಡು ಹೊಟ್ಟೆತುಂಬ ನೀರು ಕುಡಿಯುತ್ತದೆ. ಮತ್ತೆ ಹಿಂಡಿದರೆ ಆ ನೀರು ಹೋಗುವುದೆಲ್ಲಿಗೆ? ದಾರಿ ಇಕ್ಕಟ್ಟು, ನೂಕು ದೊಡ್ಡದು, ಸುಯ್ಯೆಂದು ಗಾಜಿಗೇ. ಗಾಜು ತೊಳೆಯುವ ಯಂತ್ರವೆಂದರೆ ಇಷ್ಟೇ ಸ್ವಾಮಿ. ಮುಂದೆ ಅವರು ಡಬ್ಬಿ, ನಳಿಗೆ, ಒಂದೇ ಕಡೆ ತೆರೆಯುವ ಚರ್ಮದ ಮುಚ್ಚಳ ಎಲ್ಲ ಸೇರಿಸಿದರು, ಆದರೆ ಮೂಲ ಅದೇ.

ಹಿಂಡುವವರು ಯಾರು? ಗೂಳಪ್ಪನವರ ಕೈ ಎರಡೂ ಕೆಲಸದಲ್ಲಿವೆ. ನಾನು ಬುಟ್ಟಿ ಬಿಟ್ಟರೆ ಉಂಡಿಗಳ ಮಡಿ ಕೆಡುತ್ತದೆ. ಕಾಕೂ ಆ ಚೆಂಡನ್ನು ನೋಡಿದರು, ಆಕಾಶ ನೋಡಿದರು.

"ತಾ ಇಲ್ಲೆ. ಹೆಂಗೂ ಮಾರಿ ಎಂಜಲಾಗೇದ. ಮುಟ್ಟಿದ್ರ ಮತ್ತೇನು ಹೋಗೂದದ? ಹೋಗಿ ಭಾಂವಿ ಮ್ಯಾಲೆ ಮೀಯ್ತೀನಿ."

"ಹಾರ್ನ್ ಇಲ್ಲರಿ ಅವ್ವಾರ ಈಗ."

"ಶ್ಯಾಮಾ!" ಎಂದು ಕಾಕೂ ನನ್ನನ್ನು ಕೂಗಿದರು. "ಪೂಜಾದ ಜಾಗಟೆ ತಗಿ. ಬಾರ್ಸು!"

ಹೀಗೆ ಹೊರಟೆವು. ಕಾಕೂ ಕೈ ಹೊರಚಾಚಿ ಸುಯ್ ಸುಯ್ ಎಂದು ಹಿಂಡುವುದು, "ಅಲ್ಲೆ ಮೂಲ್ಯಾಗ ಇನ್ನೂ ಅದ ನೋಡೋ, ಕಡ್ಡಿ ತಿರುವು!" ಎಂದು ಗೂಳಪ್ಪನವರನ್ನು ಗದರುವುದು, ನಾನು ಜಾಗಟೆ ಬಡಿಯುವುದು. ದೇಹೂ ರೋಡಿನಲ್ಲಿ ಜನ ದೇವರ ಪಾಲಕಿ ಬಂತೆಂದು ಕೈಮುಗಿದರು. ಮದುವೆಮನೆಯ ಬಾಗಿಲಲ್ಲಂತೂ ಹಸಿರು ಸೀರೆಯ ಹುಡುಗಿಯೊಬ್ಬಳು ನನ್ನನ್ನೂ ಜಾಗಟೆಯನ್ನೂ ನೋಡಿ ನಕ್ಕಳು. ಆ ನಗೆಯ ದೆಸೆಯಿಂದ ನಾನು ಎರಡು ವರ್ಷ ಕಾರಣವಿಲ್ಲದೆ ತಳೇಗಾಂವಕ್ಕೆ ಓಡಾಡಿದೆ. ಆ ಹುಡುಗಿ ಈಗ ನನ್ನ ಹೆಂಡತಿಯಾಗಿ ಮುಂದಿನ ಸಾಲಿನಲ್ಲೇ ಕೂತಿದ್ದಾಳೆ. ಇಂದೂ, ಹಾಗೆ ಕಣ್ಣು ಬಿಡಬೇಡ, ಮುಗಿಸುತ್ತೇನೆ.

ಮುಹೂರ್ತ ಸಿಕ್ಕಿತು. ಕಾಕೂ ಮಿಂದು ಬಂದು ಪಂಕ್ತಿಯಲ್ಲಿ ಕೂತರು. ಗೂಳಪ್ಪನವರು ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. ಅವರ ಎಲೆಯಲ್ಲಿ ಬಡಿಸಿದ್ದು ಹಾಗೇ ಇತ್ತು. ಕಾಕೂ ಗಂಟಲು ಸರಿಮಾಡಿಕೊಂಡರು. ಎಂಜಲು ಬಿದ್ದದ್ದರಿಂದ ಹಿಡಿದು ಏನನ್ನೂ ಬಿಡದೆ ಹೇಳಿದರು. ಕೊನೆಗೆ, "ಬೈದೆ ಖರೆ. ಆದ್ರ ನನ್ನ ಮಡೀ ನಾನಽ ಬಿಟ್ಟೆ, ಅಂವಾ ಕೆಡಸಲಿಲ್ಲ. ಬುಟ್ಟಿಗೆ ಒಂದು ಹನಿ ಹತ್ತಗೊಡಲಿಲ್ಲ," ಎಂದರು. ಪಂಕ್ತಿಯವರು ಕೈತೊಳೆಯಲು ಎದ್ದರು.

ಮರುದಿನ ಬೆಳಗ್ಗೆ ಬೀಗರ ಕಡೆಯ ಮುದುಕಿಯರು ತಮ್ಮ ಮಡಿಯ ಪಾತ್ರೆಗಳೊಂದಿಗೆ ಪುಣೆಗೆ ರೈಲಿನಲ್ಲಿ ಹೊರಡುವವರಿದ್ದರು. ಸ್ಟೇಶನ್ನಿಗೆಂದು ಬಂದ ಟಾಂಗಾವನ್ನು ವಾಪಸು ಕಳಿಸಿ, ಪಾತ್ರೆಗಳನ್ನು ತಾವೇ ತಂದು ಗೂಳಪ್ಪನವರ ವ್ಯಾನಿನಲ್ಲಿ ಇಟ್ಟರು. ಆಮೇಲೆ ಮುಂದಿನ ಸೀಟಿಗಾಗಿ ಜಗಳ ಹತ್ತಿತು. ಗೆದ್ದವರು ರಂಗೂಬಾಯಿ, ಎಲ್ಲರಿಗಿಂತ ಹಿರಿಯರು. ಅಂದು ಮೋಡವಿರಲಿಲ್ಲ, ಕೆಸರು ಒಣಗಿತ್ತು. ಆದರೂ ಅವರು ಪುಣೆ ಮುಟ್ಟುವವರೆಗೆ ಗಾಜು ತೊಳೆದರು.

ಇಷ್ಟು ಹೊತ್ತು ಸೆಕೆ ತಡೆದುಕೊಂಡು ಕೇಳಿದಿರಿ, ನಿಮಗೆಲ್ಲ ನನ್ನ ಕೃತಜ್ಞತೆಗಳು. ಗೂಳಪ್ಪನವರೇ, ನಮಸ್ಕಾರ. ಎಲ್ಲರಿಗೂ ನಮಸ್ಕಾರ.