ಪಾರ್ಕಿನ ಎದುರಿನ ಕಿಡಕಿ

ನವಲಗುಂದದ ದವಾಖಾನೆಯಲ್ಲಿ ನನ್ನ ಪಕ್ಕ, ಒಬ್ಬರಿಗೊಬ್ಬರು ನೆರೆಮನೆಯವರಾದ ಇಬ್ಬರು ಹೆಂಗಸರು ಕೂತಿದ್ದರು. ಗಂಟಲು ಕಟ್ಟಿದ್ದ ಮುದುಕಿ ನೀಲವ್ವ. ಅವಳನ್ನು ಕರೆತಂದವಳು ಮಹಾನಂದಾ.

“ದಿನಾ ರಾತ್ರಿ ಕಿಡಕ್ಯಾಗ ನಿಂತು ಪಾರ್ಕಿನ ಹುಡುಗ್ರಿಗೆ ಒದರಿದ್ರ ಇನ್ನೇನಾಗ್ತೈತ್ರಿ, ಆಯಿ?”

“ಮತ್ತ? ಹುಟ್ಟಿದಹಬ್ಬ ಅಂತ ಕೇಕ್ ತಿಂದು ಡಬ್ಬಿ ಅಲ್ಲೇ ಒಗೀತಾರ. ನಡುರಾತ್ರ್ಯಾಗ ಹಾಡು ಹಚ್ತಾರ. ಸುಮ್ಮನಿರ್ಲೇನು?” ನೀಲವ್ವ ಪಿಸುಗುಟ್ಟಿದಳು.

“ನಿನ್ನಿ ರಾತ್ರಿ ಹಾಡು ಕೇಳಿಸ್ತೇನ್ರಿ?”

“ಇಲ್ಲ ನೋಡು. ಪೊಲೀಸರು ಬಂದಿದ್ರೇನು?”

“ಯಾರೂ ಬಂದಿಲ್ರಿ. ‘ಆಯಿ ದನಿನ ಕೇಳವಲ್ದು, ಆರಾಮ ಅದಾರಿಲ್ಲ?’ ಅಂತ ಹುಡುಗ್ರು ನನ್ನ ಕೇಳಿದ್ರು. ಗಂಟಲ ಬ್ಯಾನಿ ಅಂದೆ. ಡಬ್ಬಿ, ಬಾಟ್ಲಿ ಎಲ್ಲಾ ಚೀಲದಾಗ ತುಂಬ್ಕೊಂಡು ಸುಮ್ಮನ ಹೋದ್ರು.”

ನೀಲವ್ವ ಮಹಾನಂದಾಳ ಕಡೆ ತಿರುಗಿದಳು.

“ಇವತ್ತ ಯಾರದರ ಹುಟ್ಟಿದಹಬ್ಬ ಐತೇನು?”

“ಆ ಹುಡುಗ್ರಾಗಿನ ಈರೇಶಂದು ಐತ್ರಿ. ನಿಮಗ ತ್ರಾಸ ಆಗ್ತೈತಂತ ಪಾರ್ಕಿನಾಗ ಬ್ಯಾಡಂದಾರ.”

“ಹುಚ್ಚಪ್ಯಾಲಿಗಳು!”

ಅಷ್ಟರಲ್ಲಿ ಒಳಗಿನಿಂದ ನೀಲವ್ವನ ಹೆಸರು ಕೂಗಿದರು. ಅವಳು ಮಹಾನಂದಾಳ ಕೈ ಹಿಡಿದು ಎದ್ದಳು.

“ನಮ್ಮ ಮನಿ ಕಟ್ಟಿಮ್ಯಾಲ ಕೇಕ್ ಕತ್ತರಸ್ರಿ ಅನ್ನು. ಸಂಜಿಮುಂದ ಬರ್ಲಿ. ಚಹಾ ನಾ ಮಾಡ್ತೇನಿ.”

“ಹಾಡು ಹಚ್ಚಬಹುದೇನ್ರಿ?”

“ಹಚ್ಚಲಿ ಬಿಡು, ಸಣ್ಣಗ. ಬೈಯಾಕ ಈಗ ನನಗ ದನಿ ಇಲ್ಲ.”

ಇಬ್ಬರೂ ನಗುತ್ತ ಒಳಗೆ ಹೋದರು.