ಬಿಳಿ ಗೆರೆಯ ಆಚೆ ಉಳಿದ ಚಿತ್ರ

ಇಲ್ಲಿ ಸೇರಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಅತ್ತಿಗೆಗೆ, ಅಮ್ಮನ ಕೈ ಬಿಡದೆ ಕುಳಿತಿರುವ ಮಗಳಿಗೆ, ಕಂಪನಿಯ ಹಿರಿಯರಿಗೆ, ಕೆಲಸದ ಬಟ್ಟೆಯಲ್ಲೇ, ಸಿಮೆಂಟು ಮೆತ್ತಿದ ಕೈಯಲ್ಲೇ ಬಂದಿರುವ ನನ್ನ ಅಣ್ಣಂದಿರಿಗೆ — ನಮಸ್ಕಾರ.

ಇವತ್ತು ಬೆಳಗಿನ ಜಾವ ಮೂರು ಗಂಟೆಗೆ ದಿಂಬಿನ ಕೆಳಗೆ ಫೋನು ಗುರ್ರ್ ಎಂದು ನಡುಗಿತು. ಆ ಸದ್ದಿಗೆ ಮೊದಲು ಎದ್ದಿದ್ದು ನನ್ನ ಮಗು, ಆಮೇಲೆ ನಾನು. ನನ್ನ ಜೊತೆ ಕೆಲಸ ಮಾಡುತ್ತಿದ್ದ, ಇವತ್ತು ನಾವೆಲ್ಲ ನೆನೆಯಲು ಸೇರಿರುವ ಅಣ್ಣ ಹೋದಮೇಲೆ ಅಪರೂಪಕ್ಕೆ ಹತ್ತಿದ ನಿದ್ದೆ ಅದು. ಮಗುವನ್ನು ಭುಜಕ್ಕೆ ಹಾಕಿಕೊಂಡು ನೋಡಿದರೆ ನಮ್ಮ ಮ್ಯಾನೇಜರ್ ಸಾಹೇಬರ ಸಂದೇಶ. 'ಸಂಜೆ ಸಭೆಯಲ್ಲಿ ಅವರ ಗುಣದ ಬಗ್ಗೆ ಎರಡು ಮಾತು ಹೇಳಿ ಸಾಕು. ಕ್ಯಾಮೆರಾ ವಿಷಯ ಬೇಡ.'

ಸಾಹೇಬರೇ, ನೀವು ವೇದಿಕೆಯ ಮೇಲೆಯೇ ಇದ್ದೀರಿ. ನಿಮ್ಮ ಮಾತನ್ನು ಅರ್ಧ ಪಾಲಿಸುತ್ತೇನೆ. ಗುಣದ ಬಗ್ಗೆಯೇ ಹೇಳುತ್ತೇನೆ. ಆದರೆ ಆ ಮನುಷ್ಯನ ಗುಣವೆಲ್ಲ ಕ್ಯಾಮೆರಾ ಹಿಡಿಯುವುದರಲ್ಲೇ ಇತ್ತಲ್ಲ — ನಾನೇನು ಮಾಡಲಿ?

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಂಪನಿ ಕಟ್ಟಡ ಕಟ್ಟುತ್ತದೆ. ಅದು ಮೇಲೇಳುವುದನ್ನು ವಾರವಾರವೂ ಚಿತ್ರ ತೆಗೆಯುವುದು ಅಣ್ಣನ ಕೆಲಸ. ಚಿತ್ರದ ಕೆಳಗೆ ಇದು ಇಂಥ ಅಂತಸ್ತು, ಇದು ಇಂಥ ಕಂಬ ಎಂದು ಬರೆಯುವುದು ನನ್ನ ಕೆಲಸ. ಇಬ್ಬರಿಗೂ ಒಂದೇ ಮೇಜು, ಒಂದೇ ಫ್ಯಾನು. ಫ್ಯಾನು ಯಾರ ಕಡೆ ತಿರುಗಬೇಕು ಅನ್ನುವುದೊಂದೇ ನಮ್ಮ ನಡುವಿನ ಜಗಳ. ಮಗು ಹುಟ್ಟಿ ನಾನು ಮತ್ತೆ ಕೆಲಸಕ್ಕೆ ಬಂದ ದಿನ ಅದು ಪೂರ್ತಿ ನನ್ನ ಕಡೆ ತಿರುಗಿತ್ತು. 'ಅಣ್ಣ, ಏನು ಸಮಾಚಾರ?' ಎಂದೆ. 'ಕುತ್ತಿಗೆ ಕೆಟ್ಟಿದೆ ಕಣಮ್ಮ ಅದರದ್ದು, ತಿರುಗಲ್ಲ' ಅಂದರು. ಕೆಟ್ಟಿರಲಿಲ್ಲ. ನಾನು ನೋಡಿದೆ.

ಕಟ್ಟಡದ ಕೆಲಸದವರು ಅವರನ್ನು ಗೂಬೆಯಣ್ಣ ಎನ್ನುತ್ತಿದ್ದರು. ಅತ್ತಿಗೆ, ಬೇಜಾರು ಮಾಡಿಕೊಳ್ಳಬೇಡಿ. ಅದು ಬೈಗುಳವಲ್ಲ. ಚಿತ್ರ ತೆಗೆಯುವವರೆಲ್ಲ ಒಂದು ಕಣ್ಣು ಮುಚ್ಚುತ್ತಾರೆ — ಹೀಗೆ. ಅಣ್ಣ ಮುಚ್ಚುತ್ತಿರಲಿಲ್ಲ. ಬಲಗಣ್ಣು ಕ್ಯಾಮೆರಾದ ಕಿಂಡಿಯಲ್ಲಿ, ಎಡಗಣ್ಣು ಇಷ್ಟಗಲ ತೆರೆದು ಬಯಲಿನಲ್ಲಿ. ಗಾರೆ ಕೆಲಸದವರೊಬ್ಬರು, 'ಒಂದು ಕಣ್ಣಾದ್ರೂ ಮಲಗಿಸೋ ಮಾರಾಯ' ಅಂದರೆ, 'ಆ ಕಣ್ಣು ನನ್ನ ಹೆಂಡತೀದು, ಮನೆಗೆ ಸರಿಯಾಗಿ ವಾಪಸ್ ಕೊಡ್ಬೇಕು' ಎನ್ನುತ್ತಿದ್ದರು.

ಎರಡೂ ಕಣ್ಣು ತೆರೆದಿಟ್ಟ ಮನುಷ್ಯ — ಇದನ್ನು ದಯವಿಟ್ಟು ನೆನಪಿನಲ್ಲಿಡಿ.

ಈಗ ಆ ಕ್ಯಾಮೆರಾ. ಸಾಹೇಬರೇ, ಒಂದೇ ನಿಮಿಷ. ಅದರ ಲೆನ್ಸು ಕಳಚಲು ಬರುವುದಿಲ್ಲ. ಧೂಳಿನ ಜಾಗದಲ್ಲಿ ಲೆನ್ಸು ಬದಲಾಯಿಸಿದರೆ ಕ್ಯಾಮೆರಾ ಹಾಳಾಗುತ್ತದೆಂದು ಕಂಪನಿಯೇ ಆರಿಸಿ ಕೊಂಡದ್ದು. ಅಗಲವಾಗಿ ನೋಡುವ ಲೆನ್ಸು. ದೂರದ್ದನ್ನು ಹತ್ತಿರಕ್ಕೆ ಎಳೆಯುವ ಜೂಮ್ ಇಲ್ಲ. ಅದರ ಬದಲು ಒಂದು ಬಟನ್ ಇದೆ. ಒತ್ತಿದರೆ ಕಿಂಡಿಯೊಳಗೂ ಹಿಂದಿನ ಪರದೆಯಲ್ಲೂ ಬಿಳಿ ಗೆರೆಯ ಒಂದು ಚೌಕ ಮೂಡುತ್ತದೆ. ಇನ್ನೊಮ್ಮೆ ಒತ್ತಿದರೆ ಇನ್ನೂ ಚಿಕ್ಕ ಚೌಕ. ಮತ್ತೂ ಒತ್ತಿದರೆ ಚೌಕ ಹೋಗಿ ಪೂರ್ತಿ ನೋಟ. ಕ್ಯಾಮೆರಾ ಆ ಚೌಕದೊಳಗಿನದನ್ನಷ್ಟೇ ಕತ್ತರಿಸಿ ಚಿತ್ರ ಮಾಡಿಕೊಡುತ್ತದೆ. ಆದರೆ ನೋಡುವವನಿಗೆ ಗೆರೆಯ ಆಚೆಗಿನದೂ ಕಾಣುತ್ತಲೇ ಇರುತ್ತದೆ.

ಒಂದು ಸಲ ಮಗುವನ್ನು ನೋಡಿಕೊಳ್ಳುವವರು ಬಾರದೆ ಅವನನ್ನು ಆಫೀಸಿಗೇ ತಂದಿದ್ದೆ. ಊಟದ ಹೊತ್ತು. ಅಣ್ಣನ ಕ್ಯಾಮೆರಾ ತೆಗೆದುಕೊಂಡು ಮಗುವಿನ ಮುಖವಷ್ಟೇ ಬರಲಿ ಎಂದು ಬಟನ್ ಒತ್ತಿದೆ. ಹಿಂದಿನ ಪರದೆಯಲ್ಲಿ ಬಿಳಿ ಚೌಕ, ಚೌಕದೊಳಗೆ ನನ್ನ ಕಂದನ ಬೊಚ್ಚು ನಗೆ. ನಾನು ಅದನ್ನೇ ನೋಡುತ್ತಿದ್ದೆ. ನನ್ನ ಬೆನ್ನ ಹಿಂದೆ ಇಡ್ಲಿಯಷ್ಟು ದೊಡ್ಡ ತುತ್ತು ಬಾಯಲ್ಲಿ ತುಂಬಿಕೊಂಡಿದ್ದ ಅಣ್ಣ, 'ಗೆರೆ ಆಚೆ! ಗೆರೆ ಆಚೆ ನೋಡೇ ತಾಯಿ!' ಎಂದು ಕೂಗಿ, ಮೇಜು ಹಾರಿಯೇ ಬಿಟ್ಟರು. ಚೌಕದ ಹೊರಗೆ, ಪರದೆಯ ಮೂಲೆಯಲ್ಲಿ, ಮಗುವಿನ ಕೈ ಬಿಸಿನೀರಿನ ಕೆಟಲಿನ ವಯರು ಹಿಡಿದಿತ್ತು. ಎಳೆದಿದ್ದರೆ... ಬೇಡ, ಹೇಳಲಾರೆ. ಮಗುವನ್ನು ಎತ್ತಿ ನನ್ನ ಕೈಗೆ ಕೊಟ್ಟು, 'ನಿಮ್ಮಮ್ಮ ಮುಖ ಮಾತ್ರ ಹೆತ್ತಿದಾಳೆ ಅನ್ಕೊಂಡಿದಾಳೆ ಕಣೋ' ಎಂದು ಅವನಿಗೆ ಚಾಡಿ ಹೇಳಿದರು. ನಾನು ಅಳುತ್ತಾ ನಕ್ಕೆ.

ಇಂಥವರು, ನೆನಪಿರಲಿ, 'ಕಿಂಡಿಯಲ್ಲಿ ಕಣ್ಣಿಟ್ಟು, ಕಂಬ ಪೂರ್ತಿ ಹಿಡಿಸಲೆಂದು ಹಿಂದೆ ಹಿಂದೆ ಹೆಜ್ಜೆಯಿಟ್ಟು, ತಮ್ಮ ನಿರ್ಲಕ್ಷ್ಯದಿಂದ ಲಿಫ್ಟಿನ ಬಾವಿಗೆ ಬಿದ್ದರು' — ಹೀಗೆಂದು ಕಂಪನಿಯ ವರದಿ ಹೇಳುತ್ತದೆ. ನಾಳೆ ಬೆಳಿಗ್ಗೆ ಆಫೀಸು ತೆರೆಯುತ್ತಿದ್ದಂತೆ ಅತ್ತಿಗೆ ಅದಕ್ಕೆ 'ಒಪ್ಪಿದ್ದೇನೆ' ಎಂದು ಸಹಿ ಹಾಕಬೇಕು. ಹಾಕಿದರೆ ಮುಗಿಯಿತು. ಆಮೇಲೆ ಅವರ ಮಗಳು ದೊಡ್ಡವಳಾಗಿ ಅಪ್ಪ ಹೇಗೆ ಹೋದರು ಎಂದು ಕೇಳಿದಾಗ, ಕಾಗದ ಹೇಳುವುದು ಇದನ್ನೇ: ಅಜಾಗರೂಕ ಮನುಷ್ಯ.

ಲಿಫ್ಟು ಕೂರಿಸಲೆಂದು ತೆರೆದು ಬಿಟ್ಟಿದ್ದ ಆ ಬಾವಿಯ ಸುತ್ತ ಹಳದಿ ಬೇಲಿ ಇತ್ತು ಎನ್ನುವುದಕ್ಕೆ ಸಾಕ್ಷಿಯಾಗಿ ಅಣ್ಣನೇ ತೆಗೆದ ಕೊನೆಯ ಚಿತ್ರವನ್ನು ವರದಿಗೆ ಅಂಟಿಸಿದ್ದಾರೆ. ನಡುವೆ ಕಂಬ. ಎಡಗಡೆ ಅಂಚಿನಲ್ಲಿ ಹಳದಿ ಬೇಲಿಯ ಒಂದು ಮೊಳ. ಅಷ್ಟೇ. ಅಲ್ಲಿಗೆ ಚಿತ್ರ ಮುಗಿಯುತ್ತದೆ. ಬೇಲಿ ಮುಂದಕ್ಕೂ ಇತ್ತೋ, ಅಲ್ಲಿಗೇ ನಿಂತಿತ್ತೋ?

ವರದಿ ಒಪ್ಪಮಾಡಲು ನನ್ನ ಕೈಗೇ ಬಂದಿತ್ತು. ಆ ಚಿತ್ರದ ಅಳತೆ ನೋಡಿದೆ. ಕ್ಯಾಮೆರಾದ ಚಿಕ್ಕ ಚೌಕದ ಅಳತೆ ಏನೋ, ಕೂದಲೆಳೆ ಹೆಚ್ಚುಕಮ್ಮಿಯಿಲ್ಲದೆ ಅದೇ. ಕಂಪ್ಯೂಟರಿನಲ್ಲಿ ಯಾರಾದರೂ ಕೈಯಿಂದ ಕತ್ತರಿಸಿದ್ದರೆ ಹಾಗೆ ಕೂರುವುದಿಲ್ಲ. ಅಂದರೆ ಅಣ್ಣ ಬಟನ್ ಒತ್ತಿ ಚೌಕವನ್ನು ಚಿಕ್ಕದು ಮಾಡಿಕೊಂಡಿದ್ದರು. ಈಗ ನೀವೇ ಹೇಳಿ — ಹಿಂದೆ ಸರಿಯುವವನು ಯಾಕೆ ಸರಿಯುತ್ತಾನೆ? ಇನ್ನಷ್ಟು ಹಿಡಿಸಲಿ ಅಂತ. ಇನ್ನಷ್ಟು ಬೇಕಿದ್ದವರು ಚೌಕವನ್ನು ಯಾಕೆ ಕುಗ್ಗಿಸುತ್ತಾರೆ? ಅದೇ ಬಟನ್ ಇನ್ನೊಮ್ಮೆ ಒತ್ತಿದ್ದರೆ ಕಂಬವೇನು, ಕಂಬದ ಅಕ್ಕಪಕ್ಕವೆಲ್ಲ ಹಿಡಿಸುತ್ತಿತ್ತು. ಹೆಜ್ಜೆ ಹಿಂದಿಡುವ ದರ್ದೇ ಇರಲಿಲ್ಲ! ವರದಿ ಬರೆದವರಿಗೆ ಈ ಬಟನ್ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಬೇರೆ ಕಥೆ ಕಟ್ಟುತ್ತಿದ್ದರು.

ಇರಲಿ ಸಾರ್. ನೀವು ಮೈಕಿನ ಕಡೆ ಬರುವುದು ಬೇಡ, ಕೂತುಕೊಳ್ಳಿ. 'ಇದು ಸಮಯ ಅಲ್ಲ ಮೇಡಂ' ಅಂತೀರಿ. ನಾಳೆ ಸಹಿ ಆದಮೇಲೆ ಸಮಯ ಬರುತ್ತದೆಯೇ?

ಇನ್ನೊಂದು ಮಾತು. ಈ ಕ್ಯಾಮೆರಾ ಒಂದು ಸಲ ಕ್ಲಿಕ್ ಎಂದರೆ ಎರಡು ಫೈಲು ಇಡುತ್ತದೆ. ಒಂದು ತೆಳ್ಳಗಿನದು — ಚೌಕದೊಳಗಿನದು ಮಾತ್ರ. ಇನ್ನೊಂದು ದಪ್ಪನೆಯದು — ಲೆನ್ಸು ಕಂಡದ್ದೆಲ್ಲ, ಗೆರೆಯ ಆಚೆಗಿನದೂ ಸೇರಿ. ನಮ್ಮ ಆಫೀಸಿನ ರೂಢಿ ಏನು? ಕಂಪ್ಯೂಟರಿಗೆ ತೆಳ್ಳಗಿನದನ್ನು ಮಾತ್ರ ಇಳಿಸಿಕೊಳ್ಳುವುದು. ದಪ್ಪನೆಯದು ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲೇ ಉಳಿಯುತ್ತದೆ, ಕಾರ್ಡು ತುಂಬಿದಾಗ ಅಳಿಸುತ್ತೇವೆ. ಸಾಹೇಬರು ಯಾವಾಗಲೂ ಅಣ್ಣನಿಗೆ ಹೇಳುತ್ತಿದ್ದರು: 'ನಂಗೆ ಕಂಬ ಸಾಕು, ಸುತ್ತಲಿನ ರಗಳೆ ಬೇಡ, ಮನೆ ಕೊಳ್ಳೋರು ನೋಡೋ ಚಿತ್ರ ಇದು.' ಅಣ್ಣ ನನ್ನ ಕಡೆ ತಿರುಗಿ ಮೆಲ್ಲಗೆ, 'ಅವರಿಗೆ ಕಂಬ ಕೊಡೋಣ. ರಗಳೆ ನಾನಿಟ್ಕೋತೀನಿ' ಎನ್ನುತ್ತಿದ್ದರು.

ಆ ರಗಳೆ ಈಗ ಎಲ್ಲಿದೆ?

ಕ್ಯಾಮೆರಾ ಆಫೀಸಿಗೆ ವಾಪಸು ಬಂತು. ಮೂಲೆ ಜಜ್ಜಿದೆ, ಲೆನ್ಸು ಒಡೆದಿದೆ. ಕಾರ್ಡಿನ ಬಾಗಿಲು ಮಾತ್ರ ನೆಟ್ಟಗೆ ಮುಚ್ಚಿದೆ, ಒಳಗೆ ಕಾರ್ಡಿಲ್ಲ. ಸ್ಟೋರಿನವರನ್ನು ಕೇಳಿದೆ. 'ನಾನು ಮುಟ್ಟೇ ಇಲ್ಲಮ್ಮ, ನಂಗ್ಯಾಕೆ ಊರ ಉಸಾಬರಿ' ಅಂದರು. ಸಾಹೇಬರನ್ನು ಕೇಳಿದೆ. 'ಬಿದ್ದಾಗ ಎಲ್ಲೋ ಸಿಡಿದು ಹೋಗಿರತ್ತೆ' ಅಂದರು.

ಸಿಡಿದು ಹೋದ ಕಾರ್ಡಿನಿಂದ ವರದಿಗೆ ಚಿತ್ರ ಹೇಗೆ ಬಂತು, ಸಾರ್?

ನೋಡಿ, ನನಗೆ ಅನುಮಾನ ಜಾಸ್ತಿ. ನನ್ನ ಗಂಡನೂ ಹೇಳುತ್ತಾರೆ: 'ನಿದ್ದೆಗೆಟ್ಟು ನಿನ್ನ ತಲೆ ಕೆಟ್ಟಿದೆ, ಗಡಿಯಾರ ನೋಡಿದ್ರೂ ಯಾಕೆ ನಡೀತಿದೆ ಅಂತೀಯ.' ನಿಜ. ಕಂಪನಿ ಕಳಿಸಿದ ಈ ಹೂವಿನ ರಾಶಿ ನೋಡಿದರೂ ಇಷ್ಟು ದೊಡ್ಡದು ಯಾಕೆ ಅನ್ನಿಸುತ್ತದೆ. ಅಣ್ಣ ಬಿದ್ದ ದಿನ ಸಂಜೆಯೇ ಬಾವಿಯ ಸುತ್ತ ಹೊಸ ಬೇಲಿ ಬಂದಿತ್ತು, ಬಣ್ಣ ಒಣಗಿರಲಿಲ್ಲ ಎಂದು ಮೂವರು ಬೇರೆ ಬೇರೆಯಾಗಿ ಬಂದು ನನ್ನ ಕಿವಿಯಲ್ಲಿ ಹೇಳಿದರು. ಜೋರಾಗಿ ಒಬ್ಬರೂ ಹೇಳಲಿಲ್ಲ. ಅವರನ್ನೂ ಅನುಮಾನಿಸಿದೆ. ಅಣ್ಣ ಹೇಗೆ ಬಿದ್ದರು ಎನ್ನುವುದು ನನಗೆ ಗೊತ್ತಿಲ್ಲ. ಕಾಲಡಿಯ ಹಲಗೆ ಸರಿಯಿತೋ, ಒರಗಲು ಹೋದ ಕಡೆ ಬೇಲಿಯೇ ಇರಲಿಲ್ಲವೋ. ದಪ್ಪ ಫೈಲಿನಲ್ಲಿ ಬೇಲಿ ಸುತ್ತಲೂ ನೆಟ್ಟಗೆ ನಿಂತಿದ್ದರೆ, ಇದೇ ಸಭಾಂಗಣದಲ್ಲಿ, ಇದೇ ಮೈಕಿನಲ್ಲಿ ಸಾಹೇಬರ ಕ್ಷಮೆ ಕೇಳುತ್ತೇನೆ. ಕೆಲಸವನ್ನೂ ಬಿಡುತ್ತೇನೆ. ಅಷ್ಟು ಮಾತ್ರ ನನ್ನಿಂದಾಗುತ್ತದೆ.

ಆದರೆ ಮೊದಲು ಇಡೀ ಚಿತ್ರ ಕಾಣಲಿ.

ಕಾರ್ಡನ್ನು ಕ್ಯಾಮೆರಾದಿಂದ ತೆಗೆದು, ಕಂಪ್ಯೂಟರಿಗೆ ಹಾಕಿ, ತೆಳ್ಳಗಿನ ಫೈಲೊಂದನ್ನು ಇಳಿಸಿಕೊಟ್ಟ ಕೈ ಯಾರದೋ ಒಬ್ಬರದು. ಅವರು ಈ ಸಭೆಯಲ್ಲೇ ಇದ್ದಾರೆ. ಆ ಕೆಲಸ ಬಲ್ಲವರೆಲ್ಲ ಇಲ್ಲೇ ಇದ್ದೀರಿ. ನಿಮ್ಮನ್ನು ನಾನು ಬೈಯುತ್ತಿಲ್ಲ. ಹೇಳಿದ ಕೆಲಸ ಮಾಡಿದ್ದೀರಿ. ನಿಮಗೂ ಮನೆಯಿದೆ, ಮಕ್ಕಳಿದ್ದಾರೆ, ಭಯವಿದೆ. ನನಗೂ ಇದೆ.

ಅತ್ತಿಗೆ, ನಿಮ್ಮನ್ನು ಇಷ್ಟು ಜನರ ಮುಂದೆ ಕೇಳಿಕೊಳ್ಳುತ್ತೇನೆ — ಬೆಳಿಗ್ಗೆ ಪೆನ್ನು ಮುಟ್ಟುವ ಮೊದಲು, 'ಇಡೀ ಚಿತ್ರ ತೋರಿಸಿ' ಅನ್ನಿ. ಅಷ್ಟೇ ಅನ್ನಿ. ತಲೆಯಾಡಿಸಿದಿರಿ. ಸಾಕು, ನನಗೆ ಅಷ್ಟು ಸಾಕು.

ಈಗ ಎಲ್ಲರೂ ಎದ್ದು ನಿಲ್ಲೋಣ. ಕುರ್ಚಿ ಮೆಲ್ಲಗೆ ಸರಿಸಿ. ಒಂದು ವಿನಂತಿ — ಈ ಮೌನದಲ್ಲಿ ಯಾರೂ ಕಣ್ಣು ಮುಚ್ಚಬೇಡಿ. ಆ ಮನುಷ್ಯನಿಗೆ ಅದು ಹಿಡಿಸುತ್ತಿರಲಿಲ್ಲ. ತೆರೆದ ಕಣ್ಣಲ್ಲೇ ಅವರನ್ನು ನೆನೆಯೋಣ.

ಕಾರ್ಡು ಇಟ್ಟುಕೊಂಡಿರುವವರೇ, ನೀವೂ ನಿಲ್ಲಿ, ಎಲ್ಲರ ಜೊತೆಗೇ ನಿಲ್ಲಿ. ನನ್ನ ನಂಬರು ನಿಮ್ಮೆಲ್ಲರ ಬಳಿಯೂ ಇದೆ. ಹೆಸರು ಹೇಳಬೇಡಿ, ಕಾರಣ ಹೇಳಬೇಡಿ. ಕಾರ್ಡು ಎಲ್ಲಿ ಇಟ್ಟಿದ್ದೀರಿ ಅಂತ ಒಂದು ಮಾತು ಹೇಳಿ, ಕರೆ ಕತ್ತರಿಸಿಬಿಡಿ. ಎಷ್ಟು ಹೊತ್ತಾದರೂ ಮಾಡಿ, ನಾನು ಎಚ್ಚರವೇ ಇರುತ್ತೇನೆ. ಆದರೆ ಅತ್ತಿಗೆ ಸಹಿ ಹಾಕುವ ಮುಂಚೆ, ದಮ್ಮಯ್ಯ, ಬೆಳಗಾಗುವ ಮುಂಚೆ — ಫೋನು ಮಾಡಿ.